ಹದಿನೇಳನೇ ಬೆಡ್ಡಿಗೆ ಕೊಟ್ಟ ಮಾತು

ನನ್ನ ಮೂರ್ಖತನವನ್ನು ಮೊದಲೇ ಹೇಳಿಬಿಡುತ್ತೇನೆ. ಓದುತ್ತ ಓದುತ್ತ ನಿಮಗೆ ನನ್ನ ಮೇಲೆ ಗೌರವ ಹುಟ್ಟಿ, ಆಮೇಲೆ ಅದನ್ನು ಬೇರುಸಹಿತ ಕೀಳುವ ಕಷ್ಟ ಬೇಡ. 2014ರಲ್ಲಿ ನಾನು ಥಾಣೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ, ಗಂಡಸರ ಸರ್ಜಿಕಲ್ ವಾರ್ಡಿನ ಸ್ಟಾಫ್ ನರ್ಸ್ ಆಗಿದ್ದೆ. ಒಂದು ಮಧ್ಯಾಹ್ನ ಒಬ್ಬ ರೋಗಿ "ಸಿಸ್ಟರ್" ಎಂದು ಕರೆದರು. ನಾನು ಪರದೆಯ ಹಿಂದೆ ನಿಂತುಕೊಂಡೇ, ನಮ್ಮ ಸಿಸ್ಟರ್ ಸ್ವರದಲ್ಲಿ, "ಬಂದೆ ಮಾರಾಯ್ರೆ, ಬಂದೆ" ಎಂದೆ. ವಾರ್ಡು ನಕ್ಕಿತು. ಸಿಸ್ಟರ್ ಹೋಗಲಿಲ್ಲ, ಏಕೆಂದರೆ ಅವರಿಗೆ ಕರೆ ಕೇಳಿಸಿರಲೇ ಇಲ್ಲ. ನಾನೂ ಹೋಗಲಿಲ್ಲ.

ಗಂಡು ನರ್ಸನ್ನು ಆಸ್ಪತ್ರೆಯಲ್ಲಿ 'ಬ್ರದರ್' ಎನ್ನುತ್ತಾರೆ. ನನಗಾಗ ಇಪ್ಪತ್ತನಾಲ್ಕು ವರ್ಷ. ಹುಟ್ಟಿದ್ದು ಡೊಂಬಿವಲಿ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಅಪ್ಪನ ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ. ಇಷ್ಟು ಬಾಯಿ ಇರುವವನಿಗೆ ಊರಿನವರ ಬಾಯಿಯೆಲ್ಲ ತಾನಾಗಿ ಬಂದುಬಿಡುತ್ತದೆ. ಮುಂದಿನ ಸ್ಟೇಷನ್ ಕಳವಾ ಎಂದು ಹೇಳುವ ರೈಲಿನ ಹೆಂಗಸು, ಸೀನುವ ಮೊದಲು ಮೂರು ಸಲ ಹೆದರಿಸುವ ನಮ್ಮ ಸರ್ಜನ್, ಯಾರನ್ನೂ ಬಿಟ್ಟಿರಲಿಲ್ಲ. ನನ್ನನ್ನೂ ಬಿಡಲಿಲ್ಲ: ಇಂಜೆಕ್ಷನ್ ಚುಚ್ಚುವಾಗ ರೋಗಿಗಿಂತ ಮೊದಲು ನಾನೇ "ಆಯ್" ಎನ್ನುತ್ತಿದ್ದೆ, ಅದನ್ನೂ ನಾನೇ ಅಣಕಿಸಿ ತೋರಿಸುತ್ತಿದ್ದೆ. ವಾರ್ಡಿನಲ್ಲಿ ನನ್ನ ಹೆಸರು ರೇಡಿಯೊ.

ಹೆಸರಿಟ್ಟವರು ಸುಶೀಲಾ ಸಿಸ್ಟರ್. ಕಾರ್ಕಳದ ಕಡೆಯವರು, ನಮ್ಮ ವಾರ್ಡಿನ ಇನ್‌ಚಾರ್ಜ್, ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಅವರ ಸ್ವರ ಹೆಂಗಸಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನನ್ನದು ಗಂಡಸಿನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಇಬ್ಬರೂ ನಡುಮೆಟ್ಟಿಲಿನಲ್ಲಿ ಸಿಗುತ್ತಿದ್ದೆವು. ಅವರ ಸ್ವರ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಒಮ್ಮೆ ಸಿಕ್ಕಿಬಿದ್ದಾಗ ಅವರೂ ನಕ್ಕರು. ಆಮೇಲೆ ನನ್ನ ಕಿವಿ ಹಿಡಿದು ಹೇಳಿದರು: "ನಡಿಗೆ ಮಾಡು, ಸೀರೆ ಮಾಡು, ಬೈಯುವುದು ಬೇಕಾದ್ರೂ ಮಾಡು. 'ಬಂದೆ' ಮಾತ್ರ ಹೇಳ್ಬೇಡ. ಅದು ಹೇಳಿದ್ರೆ ನಾನು ಹೋಗ್ಲೇಬೇಕು."

ಅವರು ನಿಜವಾಗಿಯೂ ಹೋಗುತ್ತಿದ್ದರು. ಅದು ಅವರ ಕ್ರಮ. ಕೈಯಲ್ಲಿದ್ದ ಕೆಲಸ ಮುಗಿಸಿ, ಯಾರು ಕರೆದಿದ್ದರೋ ಅವರ ಮಂಚದ ತಲೆಯ ಕಡೆ ನಿಂತು, "ಏನು?" ಎಂದು ಕೇಳುತ್ತಿದ್ದರು. ಕಾಲ ಕಡೆ ನಿಂತು ಕೇಳುವವರು ಡಾಕ್ಟರುಗಳು, ಎಂದು ನಮಗೆ ಪಾಠ.

ಆ ಹೊತ್ತಿಗೆ ಸರ್ಕಾರದ ಉಚಿತ ಚಿಕಿತ್ಸೆಯ ಯೋಜನೆ ನಮ್ಮ ಆಸ್ಪತ್ರೆಗೂ ಬಂದಿತ್ತು. ಬಡ ಕುಟುಂಬದ ರೇಷನ್ ಕಾರ್ಡ್ ಇದ್ದರೆ ಸಾಕು. ಆಪರೇಷನ್, ಔಷಧಿ, ಊಟ ಎಲ್ಲ ಪುಕ್ಕಟೆ, ಖರ್ಚನ್ನು ಯೋಜನೆ ಆಸ್ಪತ್ರೆಗೆ ಕೊಡುತ್ತದೆ. ಎಲ್ಲರಿಗೂ ಆರೋಗ್ಯಸೇವೆ ಎಂದು ದೊಡ್ಡವರು ಸಭೆಗಳಲ್ಲಿ ಹೇಳುವುದರ ಒಂದು ತುಂಡು ನಮ್ಮ ಬಾಗಿಲಿಗೆ ಬಂದಂತೆ. ಅದನ್ನು ಉದ್ಘಾಟಿಸಿದ ದಿನ ಅತ್ಯಂತ ಸಂತೋಷಪಟ್ಟವರು ಸುಶೀಲಾ ಸಿಸ್ಟರ್. ದುಡ್ಡಿಲ್ಲದೆ ಕೌಂಟರಿನಿಂದಲೇ ತಿರುಗಿ ಹೋದವರ ಬೆನ್ನುಗಳನ್ನು ಅವರು ವರ್ಷಗಟ್ಟಲೆ ನೋಡಿದ್ದರು. "ಇನ್ನು ಯಾರ ಬೆನ್ನೂ ನೋಡ್ಲಿಕ್ಕಿಲ್ಲ ಮಾರಾಯ," ಎಂದು ವಾರ್ಡಿಗೆಲ್ಲ ಪೇಡೆ ಹಂಚಿದರು. ಸಕ್ಕರೆ ಕಾಯಿಲೆಯವರಿಗೆ ತೋರಿಸಿ, ನನಗೆ ಕೊಟ್ಟರು.

ಬೆನ್ನುಗಳು ತಿರುಗಿ ಮುಖಗಳಾದವು. ಇಪ್ಪತ್ತು ಬೆಡ್ಡಿನ ವಾರ್ಡು ಮೂವತ್ತಾರಾಯಿತು. ಮಂಚಗಳ ನಡುವೆ ಅಡ್ಡ ನಡೆಯುವುದನ್ನು ನಾವು ಕಲಿತೆವು. ಮಂಚ ಬಂತು, ಗಾದಿ ಬಂತು, ಗೋಡೆಗೆ ಹೊಸ ಬಣ್ಣ ಬಂತು, ನರ್ಸ್ ಬರಲಿಲ್ಲ. ಹಿಂದೆ ಒಂದು ಪಾಳಿಗೆ ಮೂವರಿದ್ದೆವು. ಒಬ್ಬಳು ಗಲ್ಫಿಗೆ ಹೋದ ಮೇಲೆ ಇಬ್ಬರಾದೆವು. ಸಿಸ್ಟರ್ ಮೂರನೆಯವರನ್ನು ಕೇಳಲು ಅಡ್ಮಿನಿಸ್ಟ್ರೇಟರ್ ಬಳಿಗೆ ಹೋಗುತ್ತಲೇ ಇದ್ದರು. ಅಡ್ಮಿನಿಸ್ಟ್ರೇಟರ್ ಮೈಸೂರಿನವರು, ಫೈನಾನ್ಸ್ ಕಂಪನಿಯಿಂದ ಬಂದವರು, ಒಳ್ಳೆಯ ಮನುಷ್ಯರೇ. ಪ್ರತಿ ಸಲವೂ ಒಂದೇ ಉತ್ತರ: "ಬರ್ತಾರೆ ಸಿಸ್ಟರ್, ಖಂಡಿತಾ ಬರ್ತಾರೆ. ಪ್ರೊಸೆಸ್‌ನಲ್ಲಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ಅವರ ಸ್ವರವನ್ನೂ ನಾನು ಚೆನ್ನಾಗಿ ಮಾಡುತ್ತಿದ್ದೆ.

ಅಡ್ಜಸ್ಟ್ ಮಾಡಿಕೊಂಡೆವು. ಆಪರೇಷನ್ ಆದವರ ಪಲ್ಸ್, ಬಿಪಿ ಗಂಟೆಗೊಮ್ಮೆ ನೋಡಬೇಕೆಂದು ನಿಯಮ. ಅದು ಕೈ ಬಿಡುವಾದಾಗ ಎಂದಾಯಿತು. ಪಾಳಿ ಬದಲಾಗುವಾಗ ಒಂದೊಂದು ಬೆಡ್ಡಿನ ಹತ್ತಿರ ನಿಂತು ರೋಗಿಯನ್ನು ಒಪ್ಪಿಸಬೇಕೆಂದು ಪದ್ಧತಿ. ಅದು ಟೇಬಲ್ಲಿನ ಹತ್ತಿರ ನಿಂತು ಒಪ್ಪಿಸುವುದಾಯಿತು. ಮತ್ತೊಂದು ಅಡ್ಜಸ್ಟ್‌ಮೆಂಟ್ ಯಾವ ನರ್ಸಿಂಗ್ ಶಾಲೆಯೂ ಕಲಿಸದ್ದು, ನಮ್ಮದೇ ವಾರ್ಡಿನ ಸಂಶೋಧನೆ. ನಾಲ್ಕು ಕಡೆಯಿಂದ ಒಟ್ಟಿಗೆ ಕೂಗು ಬಂದಾಗ, ಸಿಸ್ಟರ್ ಹೊರಗೆ ಹೋಗಿದ್ದರೆ, ನಾನು ಅವರ ಸ್ವರದಲ್ಲಿ "ಬಂದೆ" ಎನ್ನುತ್ತಿದ್ದೆ. ಔಷಧಿ ಕೊಟ್ಟಂತೆ ಕೂಗು ನಿಲ್ಲುತ್ತಿತ್ತು. ಹಳೆಯ ರೋಗಿಗಳಿಗೆ ಗುಟ್ಟು ಗೊತ್ತು, ನಕ್ಕು ಸುಮ್ಮನಾಗುತ್ತಿದ್ದರು. ಬೇರೆ ಪಾಳಿಯ ಹುಡುಗಿಯರೂ ಕೆಲಸ ಮುಗಿಸಿ ಹೋಗುವ ಹೊತ್ತಿಗೆ, "ಓ ರೇಡಿಯೊ, ಸ್ವಲ್ಪ ಸಿಸ್ಟರ್ ಸ್ಟೇಷನ್ ಹಾಕಪ್ಪ, ನಾವು ಜಾಗ ಖಾಲಿ ಮಾಡ್ತೇವೆ," ಎನ್ನುತ್ತಿದ್ದರು. ಕೂಗು ನಿಂತ ಮೇಲೆ ಎಷ್ಟೋ ಸಲ ನಾನು ಹೋಗಿ ನೋಡಿದ್ದೇನೆ. ಎಷ್ಟೋ ಸಲ ಇಲ್ಲ.

ಹದಿನೇಳನೇ ಬೆಡ್ಡಿನ ರಾಘವಣ್ಣ ನಾನು ರಜೆಯಲ್ಲಿದ್ದಾಗ ಸೇರಿದವರು. ಕೋಪರಖೈರಣೆಯ ಒಂದು ಹೋಟೆಲಿನಲ್ಲಿ ಸಪ್ಲೈಯರ್, ಅಂದರೆ ಟೇಬಲ್ಲಿಗೆ ತಿಂಡಿ ತಂದುಕೊಡುವ ಕೆಲಸ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ನಿಗೆ ದಾರಿಯಿಲ್ಲದೆ ನೋವು ನುಂಗಿಕೊಂಡು ವರ್ಷಗಟ್ಟಲೆ ದೋಸೆ ಹೊತ್ತವರು. ಯೋಜನೆ ಬಂದದ್ದರಿಂದಲೇ ಅವರಿಗೆ ಮಂಚ ಸಿಕ್ಕಿತು. ಸೇರಿದ ದಿನ ಸಿಸ್ಟರ್ "ಈರೆನ ಊರು ಓಲು?" ಎಂದು ತುಳುವಿನಲ್ಲಿ ಊರು ಕೇಳಿ, ಎರಡು ಊರುಗಳ ನಡುವೆ ಒಂದೇ ಹೊಳೆ ಎಂದು ತಿಳಿದು, "ಏನು ಬೇಕಾದ್ರೂ ಕರೀರಿ, ನಾನು ಬರ್ತೇನೆ," ಎಂದಿದ್ದರಂತೆ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ನಾನು ರಜೆ ಮುಗಿಸಿ ಬಂದು ಅವರ ಟೆಂಪರೇಚರ್ ನೋಡಿದೆ. "ತಿನ್ಲಿಕ್ಕೆ ಏನುಂಟು ಬ್ರದರ್?" ಎಂದರು. ಗಂಜಿ ನೀರು ಎಂದೆ. "ಅಷ್ಟೇಯಾ? ನಮ್ಮಲ್ಲಿ ಕೇಳಿ," ಎಂದು ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು, ಇಡ್ಲಿಯಿಂದ ಶೀರದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಎಂಥ ಸ್ವರ! ಕೊನೆಯ ತಿಂಡಿಗೆ ಬಂದಾಗ ಒಂದು ಏರು. ಇದನ್ನು ಕಲಿಯಬೇಕು ಎಂದುಕೊಂಡು ಹೋದೆ. ಕಲಿತೆ ಕೂಡ. ಆ ಸ್ವರ ಇಂದಿಗೂ ಬರುತ್ತದೆ. ಮಾಡುವುದಿಲ್ಲ.

ಆ ಮಧ್ಯಾಹ್ನ ನಾನು ಮೂರನೇ ಬೆಡ್ಡಿನ ಪರದೆಯೊಳಗೆ, ಕೀವು ತುಂಬಿದ ದೊಡ್ಡ ಗಾಯವೊಂದರ ಡ್ರೆಸಿಂಗ್ ಮಾಡುತ್ತಿದ್ದೆ. ಅಂಥ ಗಾಯ ತೆರೆದಿಟ್ಟು ಕೈಗವಸು ಹಾಕಿಕೊಂಡ ಮೇಲೆ ನಡುವೆ ಬಿಟ್ಟು ಹೋಗುವಂತಿಲ್ಲ. ಸುಶೀಲಾ ಸಿಸ್ಟರ್ ಲಿಫ್ಟಿನ ಹತ್ತಿರ, ಆಪರೇಷನ್ ಥಿಯೇಟರಿನಿಂದ ಬಂದ ಅರೆಪ್ರಜ್ಞೆಯ ರೋಗಿಯ ತಲೆ ಹಿಡಿದುಕೊಂಡು ಟ್ರಾಲಿಯ ಜತೆಗಿದ್ದರು. ಆಗ ಹದಿನೇಳರಿಂದ ಮೆಲ್ಲಗೆ, "ಸಿಸ್ಟರ್" ಎಂಬ ಕರೆ. ಇನ್ನೊಮ್ಮೆ, "ಸಿಸ್ಟರ್, ಏನೋ ಸಂಕಟ ಆಗ್ತದೆ." ನಾನು ಸ್ಟೇಷನ್ ಹಾಕಿದೆ: "ಬಂದೆ ಮಾರಾಯ್ರೆ, ಬಂದೆ!" ಹಳಬರು ನಕ್ಕರು. ರಾಘವಣ್ಣನಿಗೂ, ಅವರ ಪಕ್ಕದಲ್ಲಿ ಅಂದೇ ಬೆಳಿಗ್ಗೆ ರಬಾಳೆಯ ಕಾರ್ಖಾನೆಯಿಂದ ಕೈ ಜಜ್ಜಿಕೊಂಡು ಬಂದು ಸೇರಿದ್ದ ಯಲ್ಲಪ್ಪನಿಗೂ ಆ ನಗು ಯಾಕೆಂದು ಗೊತ್ತಿರಲಿಲ್ಲ.

ಮೂರನೇ ಬೆಡ್ಡು ಮುಗಿಯುವಷ್ಟರಲ್ಲಿ ಟ್ರಾಲಿ ಒಳಗೆ ಬಂತು. ಸಿಸ್ಟರ್ "ರೇಡಿಯೊ, ಕಾಲು ಹಿಡಿ," ಎಂದರು. ಇಬ್ಬರೂ ರೋಗಿಯನ್ನು ಮಂಚಕ್ಕೆ ಎತ್ತಿದೆವು. ರೋಗಿ ವಾಂತಿ ಮಾಡಿಕೊಂಡರು. ಅಷ್ಟರಲ್ಲಿ ಇನ್ನೊಬ್ಬರ ಸಲೈನ್ ಹಾಕಿದ ಕೈ ಊದಿಕೊಂಡಿತು. ಹದಿನೇಳು ನನ್ನ ತಲೆಯಿಂದ ಜಾರಿಹೋಯಿತು. ಚಹಾ ತಂದ ಮಾವಶಿ, ಅಂದರೆ ನಮ್ಮ ವಾರ್ಡಿನ ಆಯಾ, ರಾಘವಣ್ಣನ ಕೈಗೆ ಲೋಟ ಕೊಡಲು ಹೋಗಿ, "ಹಾತ್ ಥಂಡ ಆಹೇ!" ಎಂದು ಕಿರುಚಿದಳು. ಕೈ ತಣ್ಣಗಾಗಿತ್ತು. ಬೆವರಿನಲ್ಲಿ ತೊಯ್ದಿದ್ದರು. ಬಿಪಿ ಸಿಗಲಿಲ್ಲ.

ಹೊಟ್ಟೆಯೊಳಗೆ ರಕ್ತ ಸೋರಿದರೆ ಹೊರಗೆ ಏನೂ ಕಾಣುವುದಿಲ್ಲ. ಪಲ್ಸ್ ಓಡುತ್ತದೆ, ಬಿಪಿ ಇಳಿಯುತ್ತದೆ. ಎಷ್ಟೋ ಸಲ ಅದಕ್ಕೂ ಮೊದಲು ರೋಗಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ. ಆ 'ಏನೋ' ಎಂಬುದನ್ನು ಹಿಡಿಯುವುದೇ ನರ್ಸಿಂಗ್. ಮಿಕ್ಕದ್ದು ಗಾದಿ, ಗುಳಿಗೆ. ಅವರನ್ನು ಮತ್ತೆ ಥಿಯೇಟರಿಗೆ ಒಯ್ದರು, ಬಾಟಲಿ ಬಾಟಲಿ ರಕ್ತ ಕೊಟ್ಟರು. ಮರುದಿನ ಐಸಿಯುನಲ್ಲಿ ತೀರಿಕೊಂಡರು. ಮೊದಲ ಕರೆಗೇ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಸರ್ಜನ್‌ರನ್ನು ಕೇಳಿದೆ. "ಗೊತ್ತಿಲ್ಲ," ಎಂದರು. ಇಲ್ಲ ಎಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ರಾಘವಣ್ಣನ ಹೆಂಡತಿ ವನಜಕ್ಕ ಆ ಮಧ್ಯಾಹ್ನವೆಲ್ಲ ಕೆಳಗಿನ ಬೆಂಚಿನಲ್ಲಿ ಕುಳಿತಿದ್ದರು. ಗಂಡಸರ ವಾರ್ಡಿನಲ್ಲಿ ಆ ಹೊತ್ತಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಗಂಡನಿಗಿಂತ ಎರಡು ಮಹಡಿ ಕೆಳಗೆ.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನ್ನ ಕೆಲಸ ಹೋಗಲಿಲ್ಲ. ನಾನೇ ಮುಂದಿನ ವರ್ಷ ಬಿಟ್ಟೆ. ಈಗ ನವಿ ಮುಂಬೈಯ ಇನ್ನೊಂದು ಆಸ್ಪತ್ರೆಯಲ್ಲಿದ್ದೇನೆ. ಅಲ್ಲಿಯೂ ಯೋಜನೆಯಿದೆ, ಅಲ್ಲಿಯೂ ಮಂಚಗಳು ಒಂದಕ್ಕೊಂದು ತಾಗುತ್ತವೆ. ಯೋಜನೆ ತಪ್ಪು ಎಂದು ನಾನು ಯಾರ ಬಾಯಲ್ಲೂ, ಯಾರ ಸ್ವರದಲ್ಲೂ ಹೇಳುವುದಿಲ್ಲ. ಅದಿಲ್ಲದಿದ್ದರೆ ರಾಘವಣ್ಣ ಕೌಂಟರಿನಿಂದಲೇ ತಿರುಗಿ ಹೋಗುತ್ತಿದ್ದರು, ನಾವು ಬೆನ್ನು ಮಾತ್ರ ನೋಡಿರುತ್ತಿದ್ದೆವು. ಎಲ್ಲರಿಗೂ ಮಂಚ ಎಂದು ಮಾತು ಕೊಟ್ಟ ಮೇಲೆ ಮಂಚದ ತಲೆಯ ಕಡೆ ನಿಲ್ಲುವವರನ್ನೂ ಕೊಡಬೇಕು, ಅಷ್ಟೇ. ಈ ಕೆಲಸ ನನಗೆ ಕಲಿಸಿದ್ದು ಅದೊಂದು. ಅದನ್ನು ನನಗಿಂತ ಚೆನ್ನಾಗಿ ಹೇಳಿದವರು ಬೇರೆ.

ವಿಚಾರಣೆ ಅಡ್ಮಿನಿಸ್ಟ್ರೇಟರ್ ಕೋಣೆಯಲ್ಲಿ ನಡೆಯಿತು. ವನಜಕ್ಕ ದೂರು ಕೊಟ್ಟಿದ್ದರು: ಸಿಸ್ಟರ್ ಬರುತ್ತೇನೆ ಎಂದು ಹೇಳಿ ಬರಲಿಲ್ಲ. ಯಲ್ಲಪ್ಪ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಾಕ್ಷಿ ಹೇಳಿದ. ಅವನು ವಿಜಯಪುರದ ಕಡೆಯವನು.

"ಸಿಸ್ಟರ್ ಬಂದೆ ಅಂದ್ರರಿ. ನನ್ನ ಕಿವಿಲೇ ಕೇಳೇನಿ. ಭಾಳ ಹೊತ್ತಾತು, ಬರಲಿಲ್ಲ. ಕಾಕಾ, ನಾ ಇನ್ನೊಮ್ಮೆ ಕೂಗಲೇನ್ರಿ ಅಂದೆ. ಬ್ಯಾಡೋ ತಮ್ಮ, ಅಂದ್ರು. ಬಂದೆ ಅಂದವರನ್ನ ಎರಡನೇ ಸಲ ಕರೀಬಾರದು, ನಾನೂ ಆ ಕೆಲಸದಾಗ ಇದ್ದವ, ಅವರಿಗೂ ಎಷ್ಟು ಟೇಬಲ್ ಅದಾವೋ ಅಂದ್ರು."

ವನಜಕ್ಕ ಸೆರಗು ಬಾಯಿಗಿಟ್ಟುಕೊಂಡರು. ಸುಶೀಲಾ ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ. ಅವರಿಗೆ ಗೊತ್ತಾಗಿತ್ತು, ಆದರೂ "ನಾನಲ್ಲ" ಎನ್ನಲಿಲ್ಲ. ಅಡ್ಮಿನಿಸ್ಟ್ರೇಟರ್ ಪೆನ್ನು ತೆಗೆದು, "ಏನ್ ಸಿಸ್ಟರ್, ಇಷ್ಟು ಸರ್ವಿಸ್ ಆದ್ಮೇಲೆ ನೀವೇ ಹೀಗ್ ಮಾಡಿದ್ರೆ ಹೇಗೆ?" ಎಂದರು.

ನಾನು ಎದ್ದು ನಿಂತೆ. ಧೈರ್ಯದಿಂದಲ್ಲ, ಕುಳಿತಿರಲು ಆಗಲಿಲ್ಲ. "ಸರ್, ಆ ಸ್ವರ ನಂದು," ಎಂದೆ.

"ತಮಾಷೆ ಮಾಡ್ಬೇಡ್ರೀ."

"ತಮಾಷೆಯೇ ಸರ್. ತಮಾಷೆಗೇ ಮಾಡಿದ್ದು."

"ಹಾಗಾದ್ರೆ ಮಾಡಿ ತೋರ್ಸಿ."

ಜೀವನದಲ್ಲಿ ಅಂಥ ಪ್ರೇಕ್ಷಕರು ನನಗೆ ಸಿಕ್ಕಿಲ್ಲ. ಸ್ವರ ಬಂದಿತು, ಸರಿಯಾಗಿ, ಆ ಮಧ್ಯಾಹ್ನದ ಹಾಗೆಯೇ: "ಬಂದೆ ಮಾರಾಯ್ರೆ, ಬಂದೆ!"

"ಇದ ನೋಡ್ರಿ ಆ ದನಿ," ಎಂದ ಯಲ್ಲಪ್ಪ. ವನಜಕ್ಕ ಬೆಚ್ಚಿ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತುಟಿ ಮುಚ್ಚಿತ್ತು. ಆಮೇಲೆ ವನಜಕ್ಕ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ಕಾದೆ, ಬೈದರೆ ಸಾಕು ಎಂದುಕೊಂಡೆ. "ಅವರು ಬೇಜಾರು ಮಾಡ್ಲಿಲ್ಲ, ಕಾದ್ರು ಅಷ್ಟೇ," ಎಂದರು, ಗಂಡನ ಪರವಾಗಿ ಕ್ಷಮೆ ಕೇಳುವವರ ಹಾಗೆ.

ಅಡ್ಮಿನಿಸ್ಟ್ರೇಟರ್ ಕುರ್ಚಿಗೆ ಒರಗಿದರು. ಹಗುರಾದದ್ದು ಕಾಣುತ್ತಿತ್ತು. "ಸರಿ. ಸಿಸ್ಟರ್ ತಪ್ಪಿಲ್ಲ ಅಂತಾಯ್ತು. ಈ ಹುಡುಗನ ಬೇಜವಾಬ್ದಾರಿ ಅಂತ ಬರೀತೀನಿ, ಇಲ್ಲಿಗೆ ಮುಗ್ಸೋಣ," ಎಂದು ಬರೆಯಲು ಬಗ್ಗಿದರು.

ಸುಶೀಲಾ ಸಿಸ್ಟರ್ ಆಗ ಮಾತಾಡಿದರು. ಸ್ವರ ಎತ್ತಲಿಲ್ಲ. ಅದಾದ ಮೇಲೆ ಆ ಪೆನ್ನು ಕಾಗದದ ಮೇಲೆ ಇಳಿಯಲೇ ಇಲ್ಲ.

"ಬರೀರಿ ಸರ್, ಖಂಡಿತಾ ಬರೀರಿ. ಇವನ ಕೈ ಗಾಯದೊಳಗಿತ್ತು, ನನ್ನ ಕೈಯಲ್ಲಿ ಇನ್ನೊಬ್ಬರ ತಲೆ ಇತ್ತು. ಆ ಹೊತ್ತಿಗೆ ಕೈ ಖಾಲಿ ಇದ್ದ ಮೂರನೇ ಸಿಸ್ಟರ್ ಯಾರು, ಅವಳ ಹೆಸರು ಮೊದಲು ಬರೀರಿ."