ಗಾಡಿ ಭಾವನದು, ಎಂಜಿನ್ ನನ್ನದು

ಮೊನ್ನೆ ಬಂದರಿನ ಧಕ್ಕೆಯಲ್ಲಿ ಯಾರೋ ದೋಣಿಗೆ ಬೂತಾಯಿ ಎಣ್ಣೆ ಬಳಿಯುತ್ತಿದ್ದರು. ಜೊತೆಗಿದ್ದ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ. ಆ ಮೀನೆಣ್ಣೆಯ ನಾತದೊಂದಿಗೆ ನನ್ನ ಭಾವ, ಅಂದರೆ ಅಪ್ಪನ ಅಕ್ಕನ ಮಗ, ಎದುರಿಗೇ ಬಂದ ಹಾಗಾಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಅವನು ನಮ್ಮ ಹಳೆಯ ಗಾಡಿಯ ಅಡಿಗೆ ಇದೇ ಎಣ್ಣೆ ಹಚ್ಚುತ್ತಿದ್ದ. ಮೈಯೆಲ್ಲ ಅದೇ ವಾಸನೆ. ಹಾಗಿದ್ದೂ ಅಪ್ಪ ಊಟಕ್ಕೆ ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ನನಗದು ನೋಡಿದರೇ ಆಗುತ್ತಿರಲಿಲ್ಲ.

ನಮ್ಮದು ಅಳಿಯಕಟ್ಟಿನ ಕುಟುಂಬ. ಗಂಡಸಿನ ಕೈಯಲ್ಲಿದ್ದದ್ದು ಅವನ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ ಹೋಗಬೇಕು. ಈಗಿನವರು ಪಿಕಪ್ ಎನ್ನುವ ಥರದ ಆ ಗಾಡಿ ಅಪ್ಪನಿಗೆ ಬಂದದ್ದೂ ಅವರ ಸೋದರಮಾವನಿಂದಲೇ. ಅಪ್ಪನ ನಂತರ ಅದು ಭಾವನಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಫಳ್ನೀರಿನ ನಮ್ಮ ಅಂಗಳದಲ್ಲಿ ಅದನ್ನು ತೊಳೆದು ಒರೆಸುತ್ತಿದ್ದವನು ನಾನು. ಅಪ್ಪನ ಜೊತೆ ಬಂದರಿನಿಂದ ಅಕ್ಕಿಮೂಟೆ ಹೇರಿಕೊಂಡು ಬರುತ್ತಿದ್ದವನೂ ನಾನೇ. ಅದು ನನಗೇ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಭಾವ ಅದರ ಬಾಗಿಲು ಮುಟ್ಟಿದರೂ ಅವನು ಹೋದ ಮೇಲೆ ಆ ಜಾಗವನ್ನು ಮತ್ತೆ ಒರೆಸುತ್ತಿದ್ದೆ.

ಆಗ ಎರಡನೇ ಮಹಾಯುದ್ಧದ ಕಾಲ. ಒಂದು ದಿನ ನಂತೂರು ಏರಿನಲ್ಲಿ ಎಂಜಿನ್ ಒಡೆದು ಗಾಡಿ ಕೂತುಬಿಟ್ಟಿತು. ಹೊಸ ಭಾಗ ಸಿಗುವ ಮಾತೇ ಇರಲಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾನು ಊರೆಲ್ಲ ಅಲೆದು, ಮರಕ್ಕೆ ಗುದ್ದಿ ಮೂಲೆಗೆ ಬಿದ್ದಿದ್ದ ಒಂದು ದೊಡ್ಡ ಕಾರಿನ ಎಂಜಿನನ್ನು ನನ್ನ ಸಂಪಾದನೆಯಲ್ಲೇ ಕೊಂಡು ಎತ್ತಿನಗಾಡಿಯಲ್ಲಿ ತಂದೆ. ನನ್ನ ಲೆಕ್ಕ ಸರಳವಾಗಿತ್ತು. ಎಂಜಿನ್ ನನ್ನದಾದ ಮೇಲೆ ಗಾಡಿ ನನ್ನದಾಗದೆ ಎಲ್ಲಿಗೆ ಹೋದೀತು?

ಅಪ್ಪ ಎಂಜಿನಿಗೆ ಒಂದು ಸುತ್ತು ಬಂದು ನೋಡಿದರು. ಒಳ್ಳೆಯದೇ ತಂದಿದ್ದೀ ಅಂದರು. ಆ ಮಾತಿನ ಖುಷಿ ಇಳಿಯುವ ಮೊದಲೇ, ಭಾವನಿಗೊಂದು ಹೇಳಿಕಳಿಸು ಅಂತಲೂ ಅಂದರು...

ಹಲಸಿನ ಮರದ ಕೊಂಬೆಗೆ ಸರಪಳಿ ಕಟ್ಟಿ ಹಳೆಯದನ್ನು ಇಳಿಸಿದೆವು, ಹೊಸದನ್ನು ಎತ್ತಿದೆವು. ಹೊಸದು ಹಳೆಯದಕ್ಕಿಂತ ಒಂದು ಗೇಣು ಉದ್ದ. ಎಂಜಿನ್ ಹಿಂದಿನ ತಗಡು ಕತ್ತರಿಸುವ ಅಂತ ನಾನು, ರೇಡಿಯೇಟರನ್ನೇ ಮುಂದೆ ದೂಡುವ ಅಂತ ಭಾವ. ಅಪ್ಪ ಭಾವನ ಮಾತೇ ಹಿಡಿದರು. ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಹೊಂದುವಂತೆ ಕಮ್ಮಾರನಿಂದ ದಪ್ಪ ಕಬ್ಬಿಣದ ತಟ್ಟೆ ಮಾಡಿಸಿ ತಂದವನೂ ಅವನೇ. ಎಲ್ಲ ಮುಗಿದ ದಿನ ಅಮ್ಮ ಎಂಜಿನಿಗೆ ಕುಂಕುಮ ಇಟ್ಟಳು. ಎಂಜಿನ್ ಶುರು ಮಾಡಲು ಮುಂದಿನಿಂದ ತೂರಿಸಿ ತಿರುಗಿಸುವ ಹ್ಯಾಂಡಲ್ ಅಪ್ಪನ ಕೈಯಲ್ಲಿತ್ತು. ನಾನು ಕೈ ಚಾಚಿದೆ. ಅಪ್ಪ ಭಾವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿ ಅದನ್ನು ಅವನಿಗೆ ಕೊಟ್ಟರು. ಅವನು ತಿರುಗಿಸಿದ, ಎಂಜಿನ್ ಗುಡುಗಿತು. ಅಂಗಳದಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಬಾವಿಕಟ್ಟೆಗೆ ಹೋಗಿ ಸುಮ್ಮನೆ ಕೈ ತೊಳೆಯುತ್ತಾ ನಿಂತೆ.

ಯುದ್ಧ ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ ಕುಟುಂಬದ ಹಿರಿಯರು ಚಾವಡಿಯಲ್ಲಿ ಕೂತರು. ಗಾಡಿ ಭಾವನಿಗೆ ಎಂದರು. ಎಂಜಿನ್ ನನ್ನದು ಎಂದೆ. ಒಂದಿಬ್ಬರು ನಕ್ಕರು. ಭಾವ ಬಂದು ನನ್ನನ್ನು ಕೇಳಿಕೊಳ್ಳುತ್ತಾನೆ, ಆಗ ತಗೋ ಮಾರಾಯ ಅಂತ ದೊಡ್ಡ ಮನಸ್ಸು ಮಾಡಿ ಕೊಟ್ಟುಬಿಡಬೇಕು ಎಂದು ನಾನು ಒಳಗೊಳಗೇ ತಯಾರಾಗಿದ್ದೆ. ಭಾವ ಕೇಳಲೇ ಇಲ್ಲ. ಎಂಜಿನ್ ಅವನದ್ದೇ, ಇಳಿಸಿ ಕೊಡ್ತೇನೆ ಅಂದುಬಿಟ್ಟ. ಕೊಡುವ ದೊಡ್ಡತನವೂ ಅವನ ಪಾಲಿಗೇ ಹೋಯಿತು.

ಮರುದಿನ ಅದೇ ಹಲಸಿನ ಮರದಡಿ ಬೋಲ್ಟ್ ಬಿಚ್ಚುತ್ತಾ ಕೂತ. ನನಗೆ ತಡೆಯಲಾಗಲಿಲ್ಲ. ಅಪ್ಪನೂ ನಿನಗೇ, ಗಾಡಿಯೂ ನಿನಗೇ, ಹ್ಯಾಂಡಲ್ ಕೂಡ ನಿನಗೇ ಕೊಟ್ಟದ್ದಲ್ವಾ ಎಂದು ಕೂಗಾಡಿದೆ. ಅವನು ಬೋಲ್ಟ್ ಬಿಚ್ಚುತ್ತಲೇ ಹೇಳಿದ.

"ಅದು ಎಂತಕ್ಕೆ ಕೊಟ್ಟದ್ದು ಗೊತ್ತುಂಟಾ ನಿಂಗೆ? ಗುರ್ತ ಇಲ್ಲದ ಎಂಜಿನ್, ಹ್ಯಾಂಡಲ್ ತಿರುಗಿ ಹೊಡೆದ್ರೆ ಕೈ ಮುರೀತದೆ. ನನ್ನ ಮಗನ ಕೈ ಹೋಗುದು ಬೇಡ, ನೀನು ತಿರುಗಿಸು ಅಂದ್ರು ಮಾವ."

ಇನ್ನೊಂದು ಬೋಲ್ಟ್ ಬಿಚ್ಚಿ ಪಕ್ಕಕ್ಕಿಟ್ಟ.

"ಆ ದಿನ ನಿನ್ನ ಮೇಲೆ ನಂಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಅಂತ ನಿಂಗೆ ಗೊತ್ತಿಲ್ಲ."

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು ಅವನು. ಎಂಜಿನನ್ನು ಸೀಮೆಎಣ್ಣೆಯಲ್ಲಿ ತೊಳೆದು, ನಮ್ಮ ಕೊಟ್ಟಿಗೆಯಲ್ಲಿ ಹಲಗೆಯ ಮೇಲೆ ಇಟ್ಟು, ಬರಿಯ ಗಾಡಿಗೆ ಎತ್ತು ಕಟ್ಟಿಸಿ ಎಳೆಸಿಕೊಂಡು ಹೋದ. ಆಮೇಲೆ ಅದಕ್ಕೆ ಬೇರೆ ಎಂಜಿನ್ ಕೂರಿಸಿ ಎಷ್ಟೋ ವರ್ಷ ಓಡಿಸಿದ. ನಮ್ಮ ಮನೆ ಮುಂದೆ ಬಂದಾಗಲೆಲ್ಲ ನಿಲ್ಲಿಸಿ ಅಮ್ಮನನ್ನು ಮಾತಾಡಿಸಿಕೊಂಡು ಹೋಗುತ್ತಿದ್ದ. ಆ ದಿನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಕಳೆದ ವರ್ಷ ಭಾವ ಹೋದ. ನನ್ನ ಅಪ್ಪ ಒಂದು ದಿನವೂ ನನ್ನೆದುರು ಅಕ್ಕರೆಯ ಮಾತಾಡಿದವರಲ್ಲ. ಆಡಿದ ಒಂದೇ ಮಾತನ್ನು ಕಿವಿಯಾರೆ ಕೇಳಿದವನು ಅವನೊಬ್ಬನೇ. ನನ್ನ ಮಗ ಅನ್ನುವಾಗ ಅಪ್ಪನ ದನಿ ಹೇಗಿತ್ತು ಎಂದು ಅವನನ್ನು ಕೇಳಬೇಕಿತ್ತು... ಅವನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಈ ವಯಸ್ಸಿನಲ್ಲೂ ಅದಕ್ಕೇ ಅವನ ಮೇಲೆ ಹೊಟ್ಟೆ ಉರಿಯುತ್ತದೆ.