ಫಾರ್ಮ್ಯಾಟ್ ಮಾಡಿಸಿ ತಂದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿ, ನೆನೆಸಿಟ್ಟ ಬಟ್ಟೆ ಹಿಂಡಿ ಹಗ್ಗಕ್ಕೆ ಹರವಿ ಬಂದರೂ ಅದರ ಪರದೆಯ ಮೇಲೆ ಆ ಚಕ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಒಂದು ಅಕ್ಷರ ಒತ್ತಿದರೆ ಮೂಡಲೋ ಬೇಡವೋ ಎಂದು ಅದು ಯೋಚನೆ ಮಾಡುತ್ತಿತ್ತು. ದಿನವಿಡೀ ಶಾಲೆಯಲ್ಲಿ ಗಂಟಲು ಹರಿದುಕೊಂಡು ಬಂದವಳಿಗೆ ಸಂಜೆ ಅದರ ಮುಂದೆ ಕೂತರೆ ಅಳುವೇ ಬರುತ್ತಿತ್ತು. ಆದರೂ ಕೂರದೆ ಗತಿಯಿರಲಿಲ್ಲ.

ನಾನು ತೆಲಂಗಾಣದ ನಾರಾಯಣಖೇಡದಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಗೈಡುಗಳೆಲ್ಲ ತೆಲುಗು ಇಲ್ಲವೇ ಇಂಗ್ಲಿಷ್. ಬೀದರದಿಂದ ಕನ್ನಡದ್ದು ತರಿಸಿದರೆ ಆ ಪಾಠಗಳೇ ಬೇರೆ, ಆ ಪರೀಕ್ಷೆಯೇ ಬೇರೆ. ನಮ್ಮ ಮಕ್ಕಳಿಗೆ ಅಂತ ಯಾರೂ ಏನೂ ಬರೆಯುವುದಿಲ್ಲ. ಹಾಗಾಗಿ ನಾನೇ ಪ್ರತಿ ಪಾಠಕ್ಕೂ ಪ್ರಶ್ನೆ, ಉತ್ತರ, ಚಿತ್ರ, ಲೆಕ್ಕ ಎಲ್ಲವನ್ನೂ ಟೈಪ್ ಮಾಡಿಕೊಂಡು ಬಂದಿದ್ದೆ. ವರ್ಷ ವರ್ಷ ತಿದ್ದಿ, ಹೊಸದಾಗಿ ಸೇರಿಸಿ, ಒಂದು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಟ್ಟರೆ ಅವರು ಜೆರಾಕ್ಸ್ ಮಾಡಿಸಿ ಹಂಚಿಕೊಳ್ಳುತ್ತಿದ್ದರು. ರಾಯಿಕೋಡ್ ಕಡೆಯ ಮಕ್ಕಳೂ ಅದನ್ನೇ ಓದುತ್ತಿದ್ದರು. ನನ್ನ ಹತ್ತಿರ ಕಾಗದದ ಪ್ರತಿ ಇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಕಂಪ್ಯೂಟರ್ ಸುಸ್ತಾಗಿದೆ ಎಂದು ಹೇಳಿದ ಕ್ಷಣ ಎಲ್ಲರೂ ವೈದ್ಯರಾದರು. ನಮ್ಮ ಮನೆಯವರದು ಒಂದೇ ಔಷಧ.

"ಫಾರ್ಮ್ಯಾಟ್ ಹೊಡಸು. ಹೊಸಾದರಂಗ ಆಗ್ತದ."

"ನನ್ನ ನೋಟ್ಸ್ ಹೋದ್ರ?"

"ಪೆನ್ ಡ್ರೈವ್‌ನ್ಯಾಗ ಹಾಕೊಂಡಿದ್ದಿಯಲ್ಲ?"

ಹಾಕಿಕೊಂಡಿದ್ದೆ, ನಿಜ. ಅದನ್ನು ಖಾಲಿ ಮಾಡಿ ತಮ್ಮ ತಾಯಿಗೆ ಭಜನೆ ಪದ ತುಂಬಿಸಿ ಕೊಟ್ಟವರು ಅವರೇ. ನೆನಪಿಸಿದೆ. ಅವರು ಚಾ ಆರುತ್ತದೆ ಎಂದು ಎದ್ದು ಹೋದರು.

ಬೇಸಿಗೆ ರಜೆ ಬಿದ್ದ ಮೇಲೆ, ಜೂನ್ ಬರುವುದರೊಳಗೆ ಇದನ್ನೊಂದು ದಾರಿಗೆ ಹಚ್ಚಬೇಕೆಂದು ಕಂಪ್ಯೂಟರಿನ ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಜಹೀರಾಬಾದಿಗೆ ಹೋದೆ. ರಿಪೇರಿ ಅಂಗಡಿಯವನು ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, ಫ್ಯಾನ್ ನನ್ನ ಕಡೆ ತಿರುಗಿಸಿದ. ಫೈಲುಗಳು ಹೋಗಬಾರದು ಎಂದು ನಾನು ಮತ್ತೆ ಮತ್ತೆ ಹೇಳಿದೆ.

"ಫಿಕರ್ ಮಾಡಬ್ಯಾಡ್ರಿ ಅಕ್ಕಾ. ಮೊದಲ ಎಲ್ಲಾ ನನ್ನ ಕಡಿ ತಗದ ಇಟ್ಕೋತೀನಿ. ಆಮ್ಯಾಲ ಫಾರ್ಮ್ಯಾಟ್. ಆಮ್ಯಾಲ ಮತ್ತ ಹಾಕಿ ಕೊಡ್ತೀನಿ."

ಕೆಲವು ದಿನ ಬಿಟ್ಟು ಹೋಗಿ ತಂದೆ. ಗುಂಡಿ ಒತ್ತಿದೆ. ನಾನು ಸೆರಗು ಸರಿಮಾಡಿಕೊಂಡು ಕೂರುವುದರೊಳಗೆ ಅದು ಎದ್ದು ಕೂತಿತ್ತು. ಇಷ್ಟು ವರ್ಷ ಹೀಗಿದ್ದಿದ್ದರೆ ನಾನು ಎಷ್ಟು ಸಂಜೆ ಮಲಗಬಹುದಿತ್ತು ಎಂದು ಅನ್ನಿಸಿ, ಖುಷಿಯ ಬದಲು ಒಂಥರ ಸಂಕಟವೇ ಆಯಿತು. ನಾದಿನಿಯ ಮದುವೆ ಫೋಟೋ ಇದ್ದವು. ನಮ್ಮ ಮನೆಯವರ ಆಫೀಸಿನ ಕಾಗದ ಇದ್ದವು. ಯಾರೋ ಕಳಿಸಿದ ಹೂವಿನ ಶುಭೋದಯಗಳು ಕೂಡ ಒಂದೂ ಬಿಡದಂತೆ ಇದ್ದವು. ನನ್ನ ನೋಟ್ಸ್ ಮಾತ್ರ ಇರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದೆ.

"ಅವು ಖರಾಬ್ ಆಗಿದ್ವು ಅಕ್ಕಾ" ಎಂದ. "ನನ್ನ ಮಷೀನ್‌ನ್ಯಾಗ ತೆರೆದು ನೋಡಿದೆ. ಬರೇ ಗೀಚು, ಟೊಪಿಗಿ, ಚುಕ್ಕಿ. ವೈರಸ್ ಹೊಡದದಂತ ತಿಳ್ಕೊಂಡೆ. ಸಾಫ್ ಮಾಡಿದ ಮಷೀನಿಗೆ ಮತ್ತ ಅದೇ ರೋಗ ಯಾಕ ಹಾಕಬೇಕಂತ ಬಿಟ್ಟೆ."

"ನಿನ್ನ ಕಡಿ ಅವಲ್ಲ?"

"ಬ್ಯಾರೇ ಗಿರಾಕಿದು ಬಂತಲ್ರಿ, ಜಾಗ ಸಾಲಲಿಲ್ಲ. ಅಳಿಸಿದೆ."

ನಾನು ಟೈಪ್ ಮಾಡಿದ್ದು ಹಳೇ ಕಾಲದ ಕನ್ನಡ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಏನೇನೋ ಹೊತ್ತುಕೊಂಡು ನಿಂತಿರುತ್ತವೆ. ಅವನ ಅಂಗಡಿಗೆ ಬರುವವರದೆಲ್ಲ ತೆಲುಗು, ಉರ್ದು, ಇಂಗ್ಲಿಷ್. ಆ ಕನ್ನಡ ಫಾಂಟನ್ನು ಅವನು ಎಂದೂ ಕಂಡವನಲ್ಲ. ನನ್ನೊಡನೆ ಕನ್ನಡದಲ್ಲೇ ಮಾತಾಡಿ, ನನ್ನ ಕನ್ನಡವನ್ನೇ ರೋಗ ಎಂದು ತಿಳಿದು, ನನ್ನ ಒಳ್ಳೆಯದಕ್ಕೇ ಅಳಿಸಿದ್ದ. ಅಂಥವನನ್ನು ಬೈಯುವುದು ಹೇಗೆ? ಅವನು ಪಾಪ ಕಳೆದದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ನೋಡಿದ. ಫೈಲುಗಳ ಹೆಸರು ಸಿಕ್ಕವು, ಒಳಗೆ ಏನೂ ಇರಲಿಲ್ಲ.

ತಾಂಡೂರಿನಲ್ಲಿ ನನ್ನ ತಮ್ಮನಿದ್ದಾನೆ. ನೆಲಕ್ಕೆ ಹಾಸುವ ನಾಪರಾಯಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಅವನ ಕೆಲಸ. ಎಲ್ಲ ಮುಗಿದ ಮೇಲೆ ಅವನಿಗೆ ಫೋನ್ ಮಾಡಿದೆ.

"ಫಾರ್ಮ್ಯಾಟ್ ಕಡೀಗಿ ಮಾಡೋದು ಅಕ್ಕಾ" ಎಂದ. "ಡಿಸ್ಕ್ ತುಂಬಿ ತುಳಕ್ಲಕತ್ತಿದ್ದೀತು. ಎರಡೆರಡು ಆಂಟಿವೈರಸ್ ಜಗಳ ಆಡ್ಲಕತ್ತಿರ್ತಾವ. ಚಾಲೂ ಮಾಡಿದ ಕೂಡ್ಲೇ ಬ್ಯಾಡಾದ ಪ್ರೋಗ್ರಾಮ್ ಹತ್ತಾರು ಏಳ್ತಾವ. ಅವನ್ನ ತಗದಿದ್ರ ಸಾಕಿತ್ತು. ಭಾಳಂದ್ರ ಹೊಸಾ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಹಳೇದು ಮುಟ್ಟದಂಗ ಎತ್ತಿಡಬೇಕಿತ್ತು. ಮತ್ತ ಕಾಪಿ ಮಾಡಿದ್ದು ಬ್ಯಾರೇ ಮಷೀನ್‌ನ್ಯಾಗ ತೆರೆದು ಓದಾಕ ಬಂದ್ರನ ಅದು ಕಾಪಿ. ಫಾಂಟೂ ಜೊತಿಗೆ ಇಡಬೇಕು."

ಎಲ್ಲವೂ ಸರಿಯಾಗಿತ್ತು. ಒಂದು ತಿಂಗಳು ಮೊದಲು ಕೇಳಿದ್ದರೆ ಇನ್ನೂ ಸರಿಯಾಗಿರುತ್ತಿತ್ತು. ಶಾಲೆ ತೆರೆದರೆ ಹೊಸ ಮಕ್ಕಳು ಬರುತ್ತಾರೆ, ನೋಟ್ಸ್ ಕೇಳುತ್ತಾರೆ. ಎಲ್ಲವನ್ನೂ ಮೊದಲಿಂದ ಬರೆಯುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಣ್ಣು ಮಂಜು, ಸೊಂಟ ನೋವು. ಮೊದಲು ಬರೆದಾಗ ಇದ್ದ ಉಮೇದಂತೂ ಎಲ್ಲಿ ಹೋಯಿತೋ.

ಇದ್ದದ್ದು ಒಂದೇ ದಾರಿ. ಎಷ್ಟು ವರ್ಷದಿಂದ ಜೆರಾಕ್ಸ್ ಹಂಚಿದ್ದೇನೆ, ಯಾರಾದರೊಬ್ಬರ ಮನೆಯಲ್ಲಿ ಇರಲೇಬೇಕು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಕೇಳಿದೆ. ಕೈಮುಗಿದ ಚಿತ್ರಗಳು ಬಂದವು, "ಮಿಸ್ ಯೂ ಟೀಚರ್" ಬಂತು, ನೋಟ್ಸ್ ಬರಲಿಲ್ಲ. ಒಬ್ಬ ರದ್ದಿಗೆ ಹಾಕಿದ್ದ. ಒಬ್ಬಳ ತಾಯಿ ಅದರ ಮೇಲೆ ಹಪ್ಪಳ ಒಣಗಿಸಿದ್ದಳು. ಆ ವರ್ಷವೇ ಪರೀಕ್ಷೆ ಮುಗಿಸಿದವರಂತೂ ಕೊನೆಯ ದಿನವೇ ಐಸ್ ಗಾಡಿಯವನಿಗೆ ಕೊಟ್ಟು ಐಸ್ ತಿಂದಿದ್ದರು. ಅದನ್ನು ನಗುತ್ತಲೇ ಹೇಳಿದರು. ನನಗೆ ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದರೆ ಅದೂ ಸರಿಯೇ, ಪಾಸಾದ ಮೇಲೆ ಯಾರಿಗೆ ಬೇಕು?

ಒಬ್ಬ ಹುಡುಗಿ ಮಾತ್ರ ಅನುಮಾನಿಸುತ್ತ ಫೋನಿನಲ್ಲಿ ಹೇಳಿದಳು. "ನಮ್ಮ ಜೊತಿಗಿ ಒಬ್ಬಾಕಿ ಇದ್ಳಲ್ರಿ, ಸೈನ್ಸ್‌ನ್ಯಾಗ ಫೇಲ್ ಆದಾಕಿ. ಆಕಿ ಕಡಿ ಇರಬೇಕ್ರಿ. ಗ್ರೂಪಿನ್ಯಾಗ ಆಕಿ ಇಲ್ಲ." ಫೇಲಾದವರನ್ನು ಗುಂಪಿಗೆ ಸೇರಿಸಿಯೇ ಇರಲಿಲ್ಲ. ನನಗೂ ಅವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಅವಳನ್ನು ನಾಗಲಗಿದ್ದದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ನಾನೇ ಹುಡುಕಿಕೊಂಡು ಹೋದೆ. ಬಿಸಿಲಿಗೆ ಬಸ್ಸಿನ ಸೀಟೂ ಸುಡುತ್ತಿತ್ತು. ಕುರಿ ಸಾಕುವ ಮನೆ, ಅಂಗಳದಲ್ಲಿ ಮರಿಗಳನ್ನು ಕಟ್ಟಿದ್ದರು, ಹೊರಸಿನ ಮೇಲೆ ಕತ್ತರಿಸಿದ ಉಣ್ಣೆ ರಾಶಿ. ನನ್ನನ್ನು ಕಂಡು ಅವಳು ಗಾಬರಿಯಾದಳು. ವಿಷಯ ಹೇಳಿದೆ. ಒಳಗೆ ಹೋಗಿ ಪೆಟ್ಟಿಗೆ ತೆಗೆದು ತಂದಳು. ಇಡೀ ಕಟ್ಟು! ಒಂದು ಬದಿಯನ್ನು ಕಪ್ಪು ಉಣ್ಣೆಯ ದಾರದಿಂದ ಹೊಲಿದಿದ್ದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನದೇ, ಒಂದೂ ಹರಿದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ಒಯ್ದು, ಟೈಪ್ ಮಾಡಿ ತಂದುಕೊಡ್ತೀನಿ" ಎಂದೆ.

ಅವಳು ಕಟ್ಟಿನ ಮೇಲಿನ ಕೈ ತೆಗೆಯಲಿಲ್ಲ. "ಒಯ್ಯಾಕ ಕೊಡಾಂಗಿಲ್ರಿ ಟೀಚರ್. ಸಿಟ್ಟಾಗಬ್ಯಾಡ್ರಿ. ಫೋಟೋ ತಗೋರಿ ಎಷ್ಟು ಬೇಕಷ್ಟು. ನಾ ಇನ್ನಾ ಪರೀಕ್ಷಾ ಬರೀಬೇಕಲ್ರಿ."

"ಇನ್ನಾ ಬರೀತಿ?"

"ಪಾಸಾಗಿದ್ರ ನಾನೂ ಯಾರಿಗಾರ ಕೊಟ್ಟಬಿಡ್ತಿದ್ದೆ. ಫೇಲ್ ಆದೆನಲ್ಲ, ಅದಕ್ಕ ಇಟ್ಕೊಂಡೀನಿ."

ಅವಳು ಪುಟ ತಿರುಗಿಸುತ್ತ ಹೋದಳು, ನಾನು ಮೊಬೈಲಿನಲ್ಲಿ ತೆಗೆಯುತ್ತ ಹೋದೆ. ಬೆಳಕು, ಆಮ್ಲ, ಲೋಹ, ಒಂದೊಂದೇ ಪಾಠ ವಾಪಸ್ ಬಂದವು. ವಿದ್ಯುತ್ ಪಾಠಕ್ಕೆ ಬಂದಾಗ ಅವಳು ಪುಟ ತಿರುಗಿಸದೆ ನಿಂತಳು. ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಆ ಜಾಗದಲ್ಲಿ ಬೆರಳು ಆಡಿಸಿ ಆಡಿಸಿ ಕಾಗದ ಕಪ್ಪಾಗಿತ್ತು.

"ಇದೊಂದು ತಿಳಿವಲ್ದುರಿ. ಅವಾಗೂ ತಿಳೀಲಿಲ್ಲ, ಈಗೂ ತಿಳಿವಲ್ದು. ಕೇಳಾಕ ಯಾರೂ ಇಲ್ರಿ ಇಲ್ಲಿ."

ನನಗೆ ಬಹಳ ದಣಿವಾಗಿತ್ತು. ಫೋಟೋ ತೆಗೆದುಕೊಂಡು ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು. ಹಿಂದಿರುಗುವ ಬಸ್ಸು ಬರುವ ಹೊತ್ತೂ ಆಗಿತ್ತು. ಮೊಬೈಲ್ ಪಕ್ಕಕ್ಕಿಟ್ಟು, ಒಲೆಯ ಮುಂದಿನಿಂದ ಒಂದು ಇದ್ದಿಲ ಚೂರು ತಾ ಎಂದೆ. ಕಲ್ಲು ಹಾಸಿದ ನೆಲದ ಮೇಲೆ ತಂತಿ ಬರೆದೆ, ಬಲ್ಬು ಬರೆದೆ, ಇನ್ನೊಂದು ಬಲ್ಬು ಬರೆದೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅವಳು ಗಡಬಡಿಸಿ ಎದ್ದಳು.

"ಟೀಚರ್, ನಿಮ್ಮ ಬಸ್ಸು!"

"ಹೋಗ್ಲಿ ಬಿಡು" ಎಂದೆ. "ಕೂಡು."