ಖಾಲಿ ಇದ್ದರೆ ನಿಲ್ಲಿಸು

ಭವ್ಯ, ಆ ಸಾಲನ್ನು ತೆಗೆದವಳು ನಾನು. ಅದು ಅಲ್ಲಿಲ್ಲವೆಂದು ನಿನಗೆ ಗೊತ್ತೇ ಇರಲಿಲ್ಲ.

ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಆಸ್ಪತ್ರೆಗಳ ಅಪಾಯಿಂಟ್‌ಮೆಂಟ್ ತಂತ್ರಾಂಶ ಮಾಡುತ್ತಿದ್ದೆವು. ಅದನ್ನು ಜೋಡಿಸಿ ಓಡಿಸುವ ಬಿಲ್ಡ್ ಸ್ಕ್ರಿಪ್ಟಿಗೆ, ಇದು ಪರೀಕ್ಷೆಯೋ ನಿಜವೋ ಎಂದು ಹೊರಗಿನಿಂದ ಹೇಳಬೇಕಿತ್ತು. ಎನ್ವಿರಾನ್ಮೆಂಟ್ ವೇರಿಯಬಲ್ ಎಂದರೆ ಅಷ್ಟೇ. ಹೇಳದಿದ್ದರೆ ಅದು ನಿಜವೆಂದೇ ತಿಳಿಯುತ್ತಿತ್ತು. ಅದಕ್ಕೇ ಸ್ಕ್ರಿಪ್ಟಿನ ಮೊದಲಲ್ಲಿ ಆ ವೇರಿಯಬಲ್ ನೋಡುವ ಒಂದು ಸಾಲು ಇತ್ತು — ಖಾಲಿ ಇದ್ದರೆ ನಿಲ್ಲಿಸು.

ಬಿಲ್ಡ್ ನಿಂತಾಗಲೆಲ್ಲ ಡೈರಿಯಲ್ಲಿ ದಿನಾಂಕದ ಪಕ್ಕ ಗೀಟು ಹಾಕುವ ಅಭ್ಯಾಸ ನನ್ನದು. ಆ ವಾರ ನನ್ನದೇ ಮರೆವಿನಿಂದ ಗೀಟುಗಳು ಹೆಚ್ಚಾದವು. ಗೀಟಿಲ್ಲದ ಒಂದು ಪುಟ ಬೇಕೆನಿಸಿತು — ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುತ್ತಿಲ್ಲ. ಸಾಲು ತೆಗೆದೆ. ಆಮೇಲೆ ಹಾಕಿದರಾಯಿತು ಅಂದುಕೊಂಡೆ.

ಮರುದಿನ ನೀನು, ಇನ್ನೂ ಖಾಯಂ ಆಗದವಳು, ನನ್ನ ಕಡೆ ತಿರುಗಿ ಕೇಳಿದೆ: "ಏನಾದ್ರೂ ಮರೆತಿದ್ರೆ ಅದೇ ನಿಲ್ಸತ್ತೆ ಅಲ್ವೇನೇ?"

"ಹೂಂ, ಓಡ್ಸು," ಅಂದೆ. ತಲೆ ಎತ್ತಲೂ ಇಲ್ಲ.

ನೀನು ಮರೆತಿದ್ದೆ. ಅಪಾಯಿಂಟ್‌ಮೆಂಟ್ ರದ್ದಾಗಿದೆ ಎಂಬ ಪರೀಕ್ಷೆಯ ಸಂದೇಶಗಳೆಲ್ಲ ನಿಜವಾದ ರೋಗಿಗಳಿಗೆ ಹೋದವು. ಮೊದಲ ಫೋನ್ ತೆಗೆದದ್ದು ನಾನೇ. "ಮೇಡಂ, ಅಮ್ಮಂಗೆ ಇವತ್ತು ಡಯಾಲಿಸಿಸ್ ಇತ್ತು. ಕ್ಯಾನ್ಸಲ್ ಅಂತ ಮೆಸೇಜ್ ಬಂತು, ಅರ್ಧ ದಾರೀಲಿ ಆಟೋ ತಿರುಗಿಸ್ಬಿಟ್ವಿ. ಈಗ ಏನ್ಮಾಡ್ಲಿ?" ಸಂಜೆಯೊಳಗೆ ಆ ತಾಯಿಗೆ ಡಯಾಲಿಸಿಸ್ ಆಯಿತು ಎಂದು ತಿಳಿಯಿತು.

ಅಚ್ಚುಕಟ್ಟಿನವಳೆಂದು ತನಿಖೆಯನ್ನು ನನಗೇ ವಹಿಸಿದರು. ವೇರಿಯಬಲ್ ಕೊಡದಿದ್ದದ್ದು ಭವ್ಯಳ ತಪ್ಪು ಎಂದು ಬರೆದೆ. ಸುಳ್ಳಲ್ಲ, ಆದರೆ — ಅಲ್ಲಿಗೇ ನಿಲ್ಲಿಸಿದೆ. ಖಾಲಿ ಇದ್ದರೆ ತಡೆಯುವ ತಪಾಸಣೆಯೊಂದು ಇರಬೇಕು ಎಂಬ ಸಲಹೆಯನ್ನೂ ಸೇರಿಸಿ, ಅದೇ ಸಾಲನ್ನು ಹೊಸದೆಂಬಂತೆ ಹಾಕಿದೆ. ಮ್ಯಾನೇಜರ್ ಎಲ್ಲರೆದುರು ನನ್ನನ್ನು ಹೊಗಳಿದರು.

"ಅದೇ ನಿಲ್ಸತ್ತೆ ಅಂತ..." ಎಂದು ನೀನು ಮೀಟಿಂಗಿನಲ್ಲಿ ನನ್ನ ಕಡೆ ನೋಡಿದೆ. ಯಾರೋ, "ಸ್ಕ್ರಿಪ್ಟ್ ನಿಂಗೆ ಪ್ರಾಮಿಸ್ ಮಾಡಿತ್ತಾ ಗುರು?" ಅಂದರು. ಎಲ್ಲರೂ ನಕ್ಕರು. ನಾನೂ. ಆ ನಗು ನನ್ನ ಬಾಯಿಂದಲೇ ಬಂತೇ ಎಂದು ಈಗಲೂ ದಿಗಿಲಾಗುತ್ತದೆ. ವಾರದೊಳಗೆ ನಿನ್ನನ್ನು ಕೆಲಸದಿಂದ ತೆಗೆದರು.

ಇಷ್ಟು ವರ್ಷಗಳ ಮೇಲೆ ಮೊನ್ನೆ ಪದ್ಮನಾಭನಗರದಲ್ಲಿ, ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು ಹೊರಬಂದ ನೀನೇ ಕೂಗಿ ಮಾತಾಡಿಸಿದೆ. "ಕೋಡಿಂಗ್ ಬಿಟ್ಟೆ ಕಣೇ. ನನ್ ನೆನಪಿನ ಮೇಲೇ ನಂಗೆ ನಂಬಿಕೆ ಇಲ್ಲ. ಅವತ್ತು ನಿನ್ನ ಕೇಳ್ದೆ ಅಂತ ಅನ್ಸತ್ತೆ... ಕೇಳೇ ಇಲ್ವೇನೋ."

ನೀನು ಕಳೆದುಕೊಂಡದ್ದು ಕೆಲಸವೊಂದೇ ಅಂದುಕೊಂಡಿದ್ದೆ. ಆಗಲೂ ನಾನು ಹೇಳಿದ್ದು, "ಬಸ್ ಬಂತು."

ನೀನು ಕೇಳಿದ್ದೆ, ಭವ್ಯ. ನಿನ್ನ ನೆನಪು ಸರಿಯಾಗಿಯೇ ಇದೆ.

ಇವತ್ತು ಆಫೀಸಿನಲ್ಲಿ ಹೇಳಿದೆ. "ಹಳೇ ಕತೆ, ಬಿಡ್ರೀ," ಅಂದರು ಮ್ಯಾನೇಜರ್. ಬಿಡದೆ ಇಡೀ ತಂಡದೆದುರು ಹೇಳಿದೆ. ನೀನು ಒಪ್ಪಿದರೆ ನಿನ್ನ ಮನೆಯವರೆದುರೂ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಬರೆಯಲಾರೆ — ಬರೆದರೆ, ಕ್ಷಮಿಸುವ ಹೊರೆಯನ್ನೂ ನಿನ್ನ ಮೇಲೇ ಹಾಕಿದ ಹಾಗೆ.